ಜಂಗು ತಿಂದ ಏರ್ ಪಿಸ್ತೂಲಿಗೆ ಅಥಣಿ ತೊಗಲಿನ ವಾಷರ್

ಸಾಮಾನು ಯಾವ ಸ್ಥಿತಿಯಲ್ಲಿ ಕೈಗೆ ಬಂತು ಅಂತ ಮೊದಲು ಹೇಳಿಬಿಡುತ್ತೇನೆ. ನಳಿಗೆ ಸಿಲಿಂಡರಿಗೆ ಅಂಟಿಕೊಂಡಿತ್ತು. ಟ್ರಿಗರ್ ಅಲುಗುತ್ತಿರಲಿಲ್ಲ. ಹಿಡಿಕೆಯ ಒಂದು ಪಟ್ಟಿ ಇರಲೇ ಇಲ್ಲ, ಇನ್ನೊಂದು ಅರ್ಧ ಮುರಿದು ಉಳಿದಿತ್ತು. ಮೈತುಂಬ ಹೆಕ್ಕಳಿಕೆ ಎದ್ದ ಜಂಗು, ಉಗುರು ತಾಗಿಸಿದರೆ ಸಾಕು ಉದುರುತ್ತಿತ್ತು. ಅಲ್ಲಾಡಿಸಿದರೆ ಒಳಗೆ ಏನೋ ಕಟಕಟ ಅನ್ನುತ್ತಿತ್ತು. ನಳಿಗೆಯ ಬಾಯಿಗೆ ಮಣ್ಣು ಗಟ್ಟಿಯಾಗಿ ಮೆತ್ತಿತ್ತು. ಕಣಜ ಯಾವ ಕಾಲಕ್ಕೋ ಅಲ್ಲಿ ಗೂಡು ಕಟ್ಟಿ ಸಂಸಾರ ಮುಗಿಸಿ ಹೋಗಿತ್ತು.

ಇದು ನನ್ನ ದೋಸ್ತನ ಮನೆಯ ಅಟ್ಟದಲ್ಲಿದ್ದ ಟ್ರಂಕಿನಿಂದ ಬಂದದ್ದು. ಅವನ ಅಜ್ಜ ಬೆಳಗಾವಿ ಕ್ಯಾಂಪಿನಲ್ಲಿ ಕೆಲಸಕ್ಕಿದ್ದರು. ಯಾರೋ ಸಾಹೇಬ ವಿಲಾಯತಿಗೆ ವಾಪಸ್ ಹೋಗುವಾಗ ಕೊಟ್ಟು ಹೋದದ್ದಂತೆ. ಅಟ್ಟದ ಹಂಚು ಸೋರುತ್ತಿತ್ತು. ಬೆಳಗಾವಿ ಮಳೆ ಗೊತ್ತಲ್ಲ, ಜೂನ್‌ನಲ್ಲಿ ಹಿಡಿದರೆ ಸೆಪ್ಟೆಂಬರ್‌ತನಕ ಬಿಡುವುದಿಲ್ಲ. ಟ್ರಂಕಿನ ತಳದಲ್ಲಿ ಒದ್ದೆ ಅರಿವೆಯಲ್ಲಿ ಸುತ್ತಿಟ್ಟ ಕಬ್ಬಿಣ ಹೇಗೆ ಉಳಿದೀತು?

ಕೈ ಹಾಕುವ ಮೊದಲು ಒಂದು ಖಾತ್ರಿ ಬೇಕಿತ್ತು. ಇದು ಗಾಳಿಯಿಂದ ಹಾರಿಸುವ ಪಿಸ್ತೂಲೋ, ಮದ್ದಿನದೋ? ಮದ್ದಿನ ಪಿಸ್ತೂಲಾಗಿದ್ದರೆ ನಾನು ಮುಟ್ಟುತ್ತಲೇ ಇರಲಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಬಂದೂಕು ಇಟ್ಟುಕೊಳ್ಳಲು ಮಾತ್ರವಲ್ಲ, ರಿಪೇರಿ ಮಾಡಲಿಕ್ಕೂ ಲೈಸೆನ್ಸ್ ಬೇಕು. ಹಳೆಯದು, ಅಜ್ಜನದು, ಜಂಗು ಹಿಡಿದದ್ದು ಅಂತ ಹೇಳಿ ಅದನ್ನು ಮತ್ತೆ ಗುಂಡು ಹಾರುವ ಹಾಗೆ ಮಾಡಿದರೆ ನೇರ ಅಪರಾಧ. ನಮ್ಮ ಭಾಗದಲ್ಲಿ ಈ ಮಾತು ಎತ್ತಿದರೆ ಯಾರಾದರೊಬ್ಬರು ಹಲಗಲಿ ಬೇಡರ ಹೆಸರು ತೆಗೆಯುತ್ತಾರೆ. 1857ರಲ್ಲಿ ಅವರು ತಿರುಗಿಬಿದ್ದದ್ದೇ ಆಯುಧ ಒಪ್ಪಿಸಿ ಅನ್ನುವ ಕಾನೂನಿನ ವಿರುದ್ಧ. ಆ ಅಭಿಮಾನ ಇರಲಿ, ಇವತ್ತಿನ ಕಾನೂನು ಬೇರೆ.

ಏರ್ ಗನ್ನಿಗೆ 2016ರ ನಿಯಮಗಳಲ್ಲಿ ಎರಡು ಗೆರೆ ಹಾಕಿದ್ದಾರೆ. ಬೋರು (ನಳಿಗೆಯ ಒಳ ಅಗಲ) 0.177 ಇಂಚಿಗಿಂತ ದೊಡ್ಡದಿರಬಾರದು, ಅಂದರೆ ನಮ್ಮ ಲೆಕ್ಕದಲ್ಲಿ 4.5 ಮಿ.ಮೀ. ಹೊಡೆತದ ಶಕ್ತಿ 20 ಜೂಲ್ ದಾಟಬಾರದು. ಇವುಗಳಲ್ಲಿ ಒಂದು ಮೀರಿದರೂ ಲೈಸೆನ್ಸ್ ಬೇಕು. ಕಣಜದ ಮಣ್ಣನ್ನು ಹಿತ್ತಾಳೆ ಕಡ್ಡಿಯಿಂದ ಕೆದಕಿ ತೆಗೆದು, ನಳಿಗೆ ಬಾಯಿಗೆ 4.5ರ ಪೆಲೆಟ್ (ಏರ್ ಗನ್ನಿನ ಸಣ್ಣ ಸೀಸದ ಗುಂಡು, ಛರ್ರಾ) ಇಟ್ಟು ನೋಡಿದೆ. ಸರಿಯಾಗಿ ಕೂತಿತು. ಇದೇ ಪಿಸ್ತೂಲು 0.22 ಬೋರಿನಲ್ಲಿಯೂ ಬರುತ್ತಿತ್ತು. ಅದಾಗಿದ್ದರೆ ಕೆಲಸ ಅಲ್ಲಿಗೇ ನಿಲ್ಲುತ್ತಿತ್ತು.

ಮಾಡಿದವರ ಹೆಸರನ್ನು ಜಂಗು ನುಂಗಿಹಾಕಿದೆ. ಪಕ್ಕದಲ್ಲಿ 'ಬರ್ಮಿಂಗ್‌ಹ್ಯಾಮ್' ಅನ್ನುವ ಅಕ್ಷರ ಮಾತ್ರ ಮಸುಕಾಗಿ ಕಾಣುತ್ತದೆ. ರಚನೆ ನೋಡಿದರೆ ಯಾವ ಜಾತಿ ಅಂತ ಗೊತ್ತಾಗುತ್ತದೆ. ಸಿಲಿಂಡರ್ ಕೆಳಗೆ, ಅದರ ಮೇಲೆ ನಳಿಗೆ. ವೆಬ್ಲಿ ಕಂಪನಿ 1924ರಲ್ಲಿ ಮಾರುಕಟ್ಟೆಗೆ ತಂದ ಮಾದರಿ ಇದು.

ಇದರ ಒಳಗಿನ ಜಾಣತನ ಹೇಳಲೇಬೇಕು. ಜಾತ್ರೆಯಲ್ಲಿ ಬಲೂನ್ ಒಡೆಯುವ ಏರ್ ಗನ್ ನೋಡಿರುತ್ತೀರಿ. ಅದನ್ನು ನಡುವೆ ಮಡಚಿ, ಛರ್ರಾ ಹಾಕಿ, ಮತ್ತೆ ನೆಟ್ಟಗೆ ಮಾಡಿ ಹೊಡೆಯುತ್ತಾರೆ. ಒಳಗೆ ಪಿಸ್ಟನ್ ಮುಂದಕ್ಕೆ ನುಗ್ಗಿ ಗಾಳಿಯನ್ನು ನಳಿಗೆಗೆ ತಳ್ಳುತ್ತದೆ. ಇಲ್ಲಿ ಎಲ್ಲ ಉಲ್ಟಾ. ನಳಿಗೆಯ ಹಿಂದಿನ ತುದಿಯನ್ನು ಬಿಡಿಸಿ ಮೇಲಕ್ಕೆತ್ತಬೇಕು. ಮುಂದಿನ ತುದಿಯಲ್ಲಿರುವ ಪಿನ್ನಿನ ಮೇಲೆ ಅದು ತಿರುಗುತ್ತದೆ. ನಳಿಗೆಗೆ ಜೋಡಿಸಿದ ಒಂದು ಕೊಂಡಿ ಪಿಸ್ಟನ್ನನ್ನು ಮುಂದಕ್ಕೆ ಎಳೆದು ಸ್ಪ್ರಿಂಗನ್ನು ಅದುಮುತ್ತದೆ. ಟ್ರಿಗರ್ ಒತ್ತಿದರೆ ಪಿಸ್ಟನ್ ಹಿಂದಕ್ಕೆ, ಅಂದರೆ ಹೊಡೆಯುವವನ ಕಡೆಗೆ ಹಾರುತ್ತದೆ. ಗಾಳಿ ಹಿಂದಿನ ಗೋಡೆಯ ಸಣ್ಣ ತೂತಿನಿಂದ ಮೇಲೇರಿ ನಳಿಗೆಗೆ ನುಗ್ಗುತ್ತದೆ. ಉದ್ದದ ನಳಿಗೆ, ಉದ್ದದ ಸಿಲಿಂಡರ್ ಎರಡೂ ಒಂದರ ಮೇಲೊಂದು ಕೂರುವುದರಿಂದ ಪಿಸ್ತೂಲು ಕೈಯಳತೆಯಲ್ಲೇ ಉಳಿಯುತ್ತದೆ.

ಬಿಚ್ಚುವುದು

ಜಂಗು ಹಿಡಿದ ಸಾಮಾನಿನ ಕೆಲಸದಲ್ಲಿ ಮುಕ್ಕಾಲು ಪಾಲು ಕಾಯುವುದೇ. ಪವರ್ ಸ್ಟೀರಿಂಗ್ ಎಣ್ಣೆ, ಅಸಿಟೋನ್ ಸಮ ಸಮ ಬೆರೆಸಿ ಎಲ್ಲ ಸಂದಿಗೂ ಬಿಟ್ಟೆ. ಅಸಿಟೋನ್ ತೆಳ್ಳಗಿರುವುದರಿಂದ ಎಣ್ಣೆಯನ್ನು ಎಳೆದುಕೊಂಡು ಒಳಗೆ ಇಳಿಯುತ್ತದೆ, ಆಮೇಲೆ ತಾನು ಆರಿಹೋಗಿ ಎಣ್ಣೆಯನ್ನು ಅಲ್ಲೇ ಬಿಡುತ್ತದೆ. ಬಾಟಲಿ ಅಲ್ಲಾಡಿಸಿ ಬಳಸಬೇಕು, ಇಲ್ಲದಿದ್ದರೆ ಎರಡೂ ಬೇರೆಯಾಗಿ ನಿಲ್ಲುತ್ತವೆ. ಬೆಂಕಿ ಹತ್ತಿರ ಇರಬಾರದು. ಎಣ್ಣೆ ಬಿಡುವುದು, ಕಾಯುವುದು, ಮರದ ಕೊಡತಿಯಿಂದ ಸುತ್ತ ತಟ್ಟುವುದು. ಅಸಿಟೋನ್ ಪೂರ್ತಿ ಆರಿದ ಮೇಲೆ ಬಿಸಿಗಾಳಿಯ ಗನ್ನಿನಿಂದ ಕಾಯಿಸುವುದು. ಮತ್ತೆ ಎಣ್ಣೆ.

ಮೊದಲು ಬಿಟ್ಟುಕೊಟ್ಟದ್ದು ನಳಿಗೆ. ಹಿಂದಿನ ಹಿಡಿಯನ್ನು ಸರಿಸಿ ಎತ್ತಿದಾಗ 'ಕರ್ರ್' ಅಂತ ಸದ್ದು ಮಾಡಿ ಎರಡು ಬೆರಳು ಮೇಲೆ ಬಂತು. ಕೊಂಡಿಗೆ ಯಾವ ಎದುರೊತ್ತೂ ಇರಲಿಲ್ಲ. ಸ್ಪ್ರಿಂಗ್ ಸತ್ತಿದೆ ಅಂತ ಅಲ್ಲೇ ಗೊತ್ತಾಯಿತು. ಹಾಗಂತ ಮುಂದಿನ ಮುಚ್ಚಳವನ್ನು ಸುಮ್ನೆ ಬಿಚ್ಚುವ ಹಾಗಿಲ್ಲ. ತುಂಡಾದ ಸ್ಪ್ರಿಂಗಿನಲ್ಲೂ ಒತ್ತಡ ಉಳಿದಿರಬಹುದು, ಮುಚ್ಚಳ ಮುಖಕ್ಕೆ ಹಾರುತ್ತದೆ.

ಇದಕ್ಕೆ ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗಿನ ಒಂದು ಸಣ್ಣ ವರ್ಕ್‌ಶಾಪಿಗೆ ಹೋದೆ. ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ಸೈಕಲ್ ಅಂಗಡಿ ತೆರೆದ ಊರು ಇದು, ಲೇತ್‌ಗೆ ಬರಗಾಲವಿಲ್ಲ. ಅಲ್ಲಿನ ಹಿರಿಯ ಫಿಟ್ಟರ್ ಕಾಕಾ ಪಿಸ್ತೂಲನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಇದನ್ನ ಪಾಲಿಶ್ ಹೊಡದು ಶೋಕೇಸ್‌ನ್ಯಾಗ ಇಡಾವ್ರೋ, ನಡಸಾವ್ರೋ?"

"ನಡಸಬೇಕು ಕಾಕಾ."

"ಹಂಗಾರ ಪಾಲಿಶ್ ಮಾತು ಎತ್ತಬ್ಯಾಡ."

ಈ ಮಾತನ್ನೇ ನಾನು ಕೊನೆತನಕ ಹಿಡಿದುಕೊಂಡೆ. ಬಫಿಂಗ್ ಚಕ್ರಕ್ಕೆ ಕೊಟ್ಟರೆ ಹತ್ತು ನಿಮಿಷದಲ್ಲಿ ಕನ್ನಡಿಯಂತೆ ಹೊಳೆಯುತ್ತದೆ. ಅದರ ಜೊತೆ ಅಂಚುಗಳು ಸವೆದು ದುಂಡಾಗುತ್ತವೆ, ಉಳಿದಿದ್ದ ನಾಲ್ಕು ಅಕ್ಷರವೂ ಹೋಗುತ್ತವೆ, ಪಿನ್ನಿನ ತೂತು ಅಗಲವಾಗುತ್ತದೆ. ಯೂಟ್ಯೂಬಿನಲ್ಲಿ ಹಳೆ ಸಾಮಾನನ್ನು ಫಳಫಳ ಮಾಡಿ ತೋರಿಸುವ ವಿಡಿಯೋ ಬಹಳ ಇವೆ. ನೋಡಲು ಚಂದ. ಆದರೆ ನನ್ನ ಪ್ರಕಾರ ಅವುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ರಿಪೇರಿಯೇ ಅಲ್ಲ.

ಕಾಕಾ ಪಿಸ್ತೂಲನ್ನು ಲೇತಿನ ಚಕ್ಕಿನಲ್ಲಿ ಅಲ್ಯೂಮಿನಿಯಂ ತಗಡು ಸುತ್ತಿ ಹಿಡಿದರು. ಟೇಲ್‌ಸ್ಟಾಕನ್ನು, ಅಂದರೆ ಲೇತಿನ ಎದುರು ತುದಿಯಿಂದ ಒತ್ತುವ ಭಾಗವನ್ನು, ಮುಚ್ಚಳಕ್ಕೆ ಒತ್ತಿ ನಿಲ್ಲಿಸಿದರು. ಮುಚ್ಚಳದ ಮೇಲಿನ ಸೀಳಿಗೆ ಸರಿಯಾಗಿ ಕೂರುವ ಹಾಗೆ ಒಂದು ಪಟ್ಟಿಯನ್ನು ಉಜ್ಜಿ ಪಾನಾ ಮಾಡಿಕೊಂಡಿದ್ದೆವು. ಸಿಕ್ಕ ಸ್ಕ್ರೂಡ್ರೈವರ್ ಹಾಕಿದರೆ ಸೀಳಿನ ಅಂಚು ಕಿತ್ತುಹೋಗುತ್ತದೆ, ಆಮೇಲೆ ಡ್ರಿಲ್ ಮಾಡುವುದೊಂದೇ ದಾರಿ. ಒಂದು ಕೈಯಿಂದ ಪಾನಾ ತಿರುಗಿಸುತ್ತ, ಇನ್ನೊಂದರಿಂದ ಟೇಲ್‌ಸ್ಟಾಕಿನ ಚಕ್ರ ಬಿಡುತ್ತ ಬಂದರು. ಮುಚ್ಚಳ ಕಳಚಿತು. ಸ್ಪ್ರಿಂಗ್ ಎರಡು ತುಂಡಾಗಿತ್ತು, ಮುರಿದ ತುದಿಗಳು ಒಂದರೊಳಗೊಂದು ಸ್ಕ್ರೂ ಥರ ಹೊಕ್ಕಿದ್ದವು. ಪಿಸ್ಟನ್ ಬಾಯಲ್ಲಿ ಇರಬೇಕಿದ್ದ ತೊಗಲಿನ ವಾಷರ್ ಒಣಗಿ, ಕರಕಲು ರೊಟ್ಟಿ ಚೂರಿನ ಹಾಗೆ ಪುಡಿಪುಡಿಯಾಗಿ ಉದುರಿತು. ಕಟಕಟ ಸದ್ದು ಅದರ ನಡುವಿನ ಸಡಿಲ ಸ್ಕ್ರೂದು.

ಜಂಗು ತೆಗೆಯುವುದು

ದೊಡ್ಡ ಭಾಗಗಳಿಗೆ ಕರೆಂಟಿನ ಸ್ನಾನ. ಪ್ಲಾಸ್ಟಿಕ್ ಬಕೆಟ್, ಒಂದು ಲೀಟರ್ ನೀರಿಗೆ ಸುಮಾರು 10 ಗ್ರಾಂ ವಾಷಿಂಗ್ ಸೋಡಾ. ಬಕೆಟ್ ಸುತ್ತ ಒಳಗಡೆ ಸೆಂಟ್ರಿಂಗ್ ಸರಳಿನ ತುಂಡುಗಳು, ಅವೆಲ್ಲಕ್ಕೂ 12 ವೋಲ್ಟ್ ಬ್ಯಾಟರಿ ಚಾರ್ಜರಿನ ಪಾಸಿಟಿವ್. ನಡುವೆ ತಂತಿಗೆ ನೇತುಹಾಕಿದ ಸಾಮಾನಿಗೆ ನೆಗೆಟಿವ್. ಇದು ಅದಲುಬದಲಾದರೆ ಸರಳಿನ ಬದಲು ಪಿಸ್ತೂಲು ಕರಗುತ್ತದೆ, ಅದಕ್ಕೇ ಸ್ವಿಚ್ ಹಾಕುವ ಮೊದಲು ಎರಡು ಸಲ ನೋಡಿ. ಸರಳಿನ ಬದಲು ಸ್ಟೀಲ್ ಚಮಚ ಹಾಕಬೇಡಿ. ಸ್ಟೇನ್‌ಲೆಸ್ ಸ್ಟೀಲಿನೊಳಗಿನ ಕ್ರೋಮಿಯಂ ವಿಷವಾಗಿ ನೀರಿಗೆ ಇಳಿಯುತ್ತದೆ. ಏಳುವ ಗುಳ್ಳೆ ಹೈಡ್ರೋಜನ್, ಕಿಡಿ ತಾಗಿದರೆ ಹೊತ್ತುತ್ತದೆ. ಹಾಗಾಗಿ ನಾನು ಮಾಡಿದ್ದು ಮಾಳಿಗೆಯ ಮೇಲೆ, ಬಯಲಲ್ಲಿ.

ಈ ವಿಧಾನ ನನಗೆ ಹಿಡಿಸುವುದಕ್ಕೆ ಕಾರಣ ಇದೆ. ಆಸಿಡ್ ಆದರೆ ಜಂಗಿನ ಜೊತೆ ಒಳ್ಳೆಯ ಕಬ್ಬಿಣವನ್ನೂ ತಿನ್ನುತ್ತದೆ. ಇಲ್ಲಿ ಒಳ್ಳೆಯ ಕಬ್ಬಿಣಕ್ಕೆ ಏನೂ ಆಗುವುದಿಲ್ಲ. ಜಂಗು ಕಪ್ಪು ರಾಡಿಯಾಗಿ ಸಡಿಲವಾಗುತ್ತದೆ, ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿದರೆ ಬರುತ್ತದೆ. ಸರಳಿಗೆ ಮುಖ ಮಾಡಿದ ಕಡೆ ಬೇಗ ಆಗುತ್ತದೆ, ಹಿಂಭಾಗಕ್ಕೆ ನಿಧಾನ, ಆಗಾಗ ತಿರುಗಿಸಿ ಹಾಕಬೇಕು. ಹೊರಗೆ ತೆಗೆದ ಕೂಡಲೇ ತೊಳೆದು, ಒರೆಸಿ, ಬಿಸಿ ಮಾಡಿ ಎಣ್ಣೆ ಸವರಬೇಕು. ಚಹಾ ಕುಡಿದು ಬರುತ್ತೇನೆ ಅಂದರೆ ಅಷ್ಟರಲ್ಲಿ ಮತ್ತೆ ಕೆಂಪು ಬಣ್ಣ ಏರಿರುತ್ತದೆ.

ಟ್ರಿಗರಿನ ಸ್ಪ್ರಿಂಗನ್ನೂ, ಪಿಸ್ಟನ್ ಹಿಡಿದು ನಿಲ್ಲಿಸುವ ಕೊಕ್ಕೆಯನ್ನೂ ಬಕೆಟ್ಟಿಗೆ ಹಾಕಲಿಲ್ಲ. ಹದ ಹಾಕಿದ ಗಡಸು ಉಕ್ಕು ಹೈಡ್ರೋಜನ್ ಕುಡಿದರೆ ಪೆಡಸಾಗಿ ಆಮೇಲೆ ಮುರಿಯುತ್ತದೆ. ಅವಕ್ಕೆ ಹಿತ್ತಾಳೆ ಬ್ರಷ್ಷು, ಎಣ್ಣೆ, ತಾಳ್ಮೆ.

ಸಿಲಿಂಡರಿನ ಒಳಮೈ ನೋಡಿದಾಗ ಸ್ವಲ್ಪ ಹೊಟ್ಟೆ ಉರಿಯಿತು. ಬೋರು 25 ಮಿ.ಮೀ. ಕೆಳಗಿನ ಬದಿಗೆ ನೀರು ನಿಂತ ಕಡೆ ಸಿಡುಬಿನ ಕಲೆ ಇದ್ದಂತೆ ಗುಂಡಿಗಳು. ಗ್ಯಾರೇಜಿನವರು ಬ್ರೇಕ್ ಸಿಲಿಂಡರ್ ಉಜ್ಜಲು ಬಳಸುವ ಮೂರು ಕಲ್ಲಿನ ಹೋನ್ ಇದಕ್ಕೆ ಸರಿಹೋಗುತ್ತದೆ. ಸೀಮೆಎಣ್ಣೆ ಹನಿಸುತ್ತ, ಡ್ರಿಲ್ ನಿಧಾನ ತಿರುಗಿಸುತ್ತ, ಹಿಂದೆ ಮುಂದೆ ಆಡಿಸಿದೆ. ಎದ್ದ ಮುಳ್ಳೆಲ್ಲ ಹೋಯಿತು, ಗುಂಡಿ ಉಳಿದವು. ಗುಂಡಿ ಹೋಗುವ ತನಕ ಉಜ್ಜಿದರೆ ಬೋರು ಅಗಲವಾಗಿ ಪಿಸ್ಟನ್ ಲೊಡಲೊಡ ಆಗುತ್ತದೆ. ಒಳಗೊಂದು ಹೊಸ ಕೊಳವೆ (ಸ್ಲೀವ್) ಕೂರಿಸಬಹುದು, ಕಾಕಾ ಅದನ್ನೂ ಹೇಳಿದರು. ನಾನು ಬೇಡ ಅಂದೆ. ತೊಗಲಿನ ವಾಷರ್‌ಗೆ ಇಷ್ಟು ಗುಂಡಿ ಲೆಕ್ಕಕ್ಕಿಲ್ಲ. ಅದು ಗುಂಡಿಯ ಮೇಲೂ ಒತ್ತಿಕೊಂಡು ಹೋಗುತ್ತದೆ, ಗುಂಡಿಯಲ್ಲಿ ನಿಂತ ಎಣ್ಣೆಯೇ ಗಾಳಿಯನ್ನು ತಡೆಯುತ್ತದೆ. ಪ್ಲಾಸ್ಟಿಕ್ ಸೀಲ್ ಹಾಕಿದ್ದರೆ ಅದೇ ಗುಂಡಿಗಳ ಅಂಚು ಅದನ್ನು ಕೊರೆದುಹಾಕುತ್ತಿತ್ತು.

ತೊಗಲು

ಇಡೀ ಪಿಸ್ತೂಲಿನ ಜೀವ ಇರುವುದು ಒಂದು ಬಟ್ಟಲಿನಾಕಾರದ ತೊಗಲಿನ ತುಂಡಿನಲ್ಲಿ. ಪಿಸ್ಟನ್ ಮುಖಕ್ಕೆ ಸ್ಕ್ರೂ ಹಾಕಿ ಕೂರಿಸುವ ವಾಷರ್ ಇದು. ಬಟ್ಟಲಿನ ಬಾಯಿ ಗಾಳಿ ಅದುಮುವ ಕಡೆಗೆ. ಪಿಸ್ಟನ್ ನುಗ್ಗಿದಾಗ ಒತ್ತಡ ಏರಿ ಬಟ್ಟಲಿನ ತುಟಿ ಹೊರಕ್ಕೆ ಅಗಲಿ ಗೋಡೆಗೆ ಒತ್ತುತ್ತದೆ. ಒತ್ತಡ ಜಾಸ್ತಿಯಾದಷ್ಟೂ ಬಿಗಿ ಜಾಸ್ತಿ. ಹಳೆಯ ಸೈಕಲ್ ಪಂಪು, ಸೀಮೆಎಣ್ಣೆ ಸ್ಟೋವಿನ ಪಂಪು ಎಲ್ಲದರಲ್ಲೂ ಇದೇ ವಾಷರ್. ಸ್ಟೋವ್ ರಿಪೇರಿಯವರ ಹತ್ತಿರ ಸಿಗುವುದು ಚಿಕ್ಕದು, ತೆಳ್ಳಗಿನದು, ಇಲ್ಲಿಗೆ ಸಾಲದು. ಮಾಡಿಕೊಳ್ಳಬೇಕು.

ಯಾವ ತೊಗಲು ಅನ್ನುವುದು ಮುಖ್ಯ. ಬ್ಯಾಗು, ಜಾಕೆಟ್ಟಿನ ಮೆತ್ತನೆ ತೊಗಲು ಕ್ರೋಮ್ ಹದದ್ದು, ಅಂದರೆ ಕ್ರೋಮಿಯಂ ಲವಣದಲ್ಲಿ ಹದ ಮಾಡಿದ್ದು. ಒದ್ದೆ ಮಾಡಿ ಅಚ್ಚಿಗೆ ಒತ್ತಿದರೆ ಒಣಗಿದ ಮೇಲೆ ಮತ್ತೆ ಚಪ್ಪಟೆಯಾಗುತ್ತದೆ. ತೊಗಟೆ, ಕಾಯಿಯ ರಸದಲ್ಲಿ ಹದ ಮಾಡಿದ್ದು ಹಾಗಲ್ಲ, ಒದ್ದೆಯಲ್ಲಿ ಕೊಟ್ಟ ಆಕಾರವನ್ನು ಒಣಗಿದ ಮೇಲೂ ಹಿಡಿದಿರುತ್ತದೆ. ಅಂಥ ತೊಗಲು ಇಂಗ್ಲೆಂಡಿನಿಂದ ತರಿಸಬೇಕಾಗಿಲ್ಲ. ನಮ್ಮ ಜಿಲ್ಲೆಯ ಅಥಣಿಯಲ್ಲೇ ಇದೆ. ಕೊಲ್ಹಾಪುರಿ ಅಂತ ಜಗತ್ತೆಲ್ಲ ಕರೆಯುವ ಚಪ್ಪಲಿ ಮಾಡುವ ಊರುಗಳಲ್ಲಿ ಅಥಣಿ ದೊಡ್ಡ ಹೆಸರು. 2019ರಲ್ಲಿ ಆ ಚಪ್ಪಲಿಗೆ ಭೌಗೋಳಿಕ ಗುರುತು ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡವೂ ಪಟ್ಟಿಯಲ್ಲಿದ್ದವು. ಹದ ಮಾಡುವುದು ಜಾಲಿ ತೊಗಟೆ, ಅಳಲೆಕಾಯಿಯಲ್ಲಿ.

ಮದುವೆಯೊಂದಕ್ಕೆ ಅಥಣಿಗೆ ಹೋಗಿದ್ದಾಗ ಚಪ್ಪಲಿ ಮಾಡುವ ಒಬ್ಬರ ಮನೆಗೆ ಹೋಗಿ ಕೇಳಿದೆ. ಅಟ್ಟೆಗೆ ಹಾಕುವ ದಪ್ಪ ತೊಗಲು ತೋರಿಸಿದರು. ಅದು ಬೇಡ, ಎರಡೂವರೆ ಮಿಲಿಮೀಟರ್ ಸಾಕು ಅಂದೆ. ಪಿಸ್ತೂಲಿಗೆ ಅಂದ ಕೂಡಲೇ ಅವರಿಗೆ ನಗು.

"ಅಣ್ಣಾರ, ಬಂದೂಕಿಗೂ ಚಪ್ಪಲಿ ಹೊಲಿಸ್ತೀರೇನ?"

ಆಮೇಲೆ ಒಂದು ಚೂರನ್ನು ಮಡಚಿ, ಬಾಗಿದ ಕಡೆ ನನ್ನ ಕಣ್ಣ ಮುಂದೆ ಹಿಡಿದರು. "ನೋಡ್ರಿ, ಬಿರುಕು ಬಿಡಂಗಿಲ್ಲ. ಬೆನ್ನಿನ ತೊಗಲ ಐತಿ. ಹೊಟ್ಟಿ ಕಡೆದು ಒಯ್ಯಬ್ಯಾಡ್ರಿ, ಅದು ಜಗ್ಗತೈತಿ. ನೀರು ಕುಡದ ಮ್ಯಾಲ ಹೆಂಗ ಕುಂದರಸ್ತೀರಿ ಹಂಗ ಕುಂದರತೈತಿ. ಬಿಸಿಲಿಗೆ ಮಾತ್ರ ಇಡಬ್ಯಾಡ್ರಿ."

ಬೇರೆ ಕಡೆ ಕೊಳ್ಳುವವರಿಗೆ ಒಂದು ಪರೀಕ್ಷೆ. ತೊಗಲಿನ ಅಂಚನ್ನು ಬ್ಲೇಡಿನಿಂದ ಕೊಯ್ದು ನೋಡಿ. ನಡುವೆ ಬೂದು-ನೀಲಿ ಗೆರೆ ಕಂಡರೆ ಕ್ರೋಮ್, ಪೂರ್ತಿ ಕಂದು ಇದ್ದರೆ ತೊಗಟೆ ಹದದ್ದಿರಬಹುದು. ಸಂಶಯ ಉಳಿದರೆ ಚೂರೊಂದನ್ನು ಸುಡಿ. ಕ್ರೋಮಿನ ಬೂದಿಗೆ ಹಸಿರು ಛಾಯೆ ಇರುತ್ತದೆ.

ಅಚ್ಚು ಸರಳ. ಉಕ್ಕಿನ ಬಿಲ್ಲೆಯಲ್ಲಿ 25 ಮಿ.ಮೀ. ತೂತು, ಮೇಲಿನ ಬಾಯಿಯ ಅಂಚನ್ನು ಚೆನ್ನಾಗಿ ದುಂಡು ಮಾಡಿರಬೇಕು, ಇಲ್ಲದಿದ್ದರೆ ತೊಗಲು ಹರಿಯುತ್ತದೆ. ಒತ್ತುವ ಗುಂಡು 20 ಮಿ.ಮೀ. ಎರಡೂ ಕಡೆ ಎರಡೂವರೆ ಎರಡೂವರೆ ಮಿಲಿಮೀಟರ್ ತೊಗಲಿಗೆ ಜಾಗ. ಬಟ್ಟಲು 6 ಮಿ.ಮೀ. ಎತ್ತರ ಬೇಕಿತ್ತು, ಹಾಗಾಗಿ 38 ಮಿ.ಮೀ. ಅಗಲದ ದುಂಡು ಬಿಲ್ಲೆ ಕತ್ತರಿಸಿದೆ. ಬೆಚ್ಚಗಿನ ನೀರಿನಲ್ಲಿ ಗುಳ್ಳೆ ನಿಲ್ಲುವ ತನಕ ನೆನೆಸಿದೆ. ಕುದಿಯುವ ನೀರು ಕೂಡದು, ತೊಗಲು ಅಲ್ಲೇ ಮುರುಟಿಕೊಳ್ಳುತ್ತದೆ. ನುಣುಪು ಮೈ ಹೊರಗೆ ಬರುವ ಹಾಗೆ ಅಚ್ಚಿನ ಮೇಲಿಟ್ಟು, ಗುಂಡನ್ನು ವೈಸಿನಲ್ಲಿ ನಿಧಾನ ಒತ್ತಿದೆ. ನೀರು ಬದಿಯಿಂದ ಕಂದು ಬಣ್ಣದಲ್ಲಿ ಜಿನುಗಿತು. ಜಾಲಿಯ ಒಗರು ವಾಸನೆ ಬಂತು. ಮಡಿಕೆ ಎದ್ದ ಕಡೆ ಸ್ವಲ್ಪ ಸಡಿಲಿಸಿ, ಬೆರಳಿನಿಂದ ತೀಡಿ, ಮತ್ತೆ ಒತ್ತಬೇಕು. ಅಚ್ಚಿನಲ್ಲೇ ಬಿಟ್ಟು ನೆರಳಲ್ಲಿ ಒಣಗಿಸಿದೆ. ಪೂರ್ತಿ ಒಣಗಿದ ಮೇಲೆ ಹೊರಗೆ ತೆಗೆದರೆ ಮರದ ಬಟ್ಟಲಿನಷ್ಟು ಗಟ್ಟಿ, ಟಕ್ ಟಕ್ ಸದ್ದು ಮಾಡುತ್ತದೆ. ತುಟಿಯನ್ನು ಹೊಸ ಬ್ಲೇಡಿನಿಂದ ಒಂದೇ ಮಟ್ಟಕ್ಕೆ ಕತ್ತರಿಸಿ, ಒಳ ಅಂಚನ್ನು ಓರೆಯಾಗಿ ಕೆತ್ತಿ ತೆಳ್ಳಗೆ ಮಾಡಿದೆ. ತೆಳ್ಳಗಿನ ತುಟಿ ಬೇಗ ಅಗಲುತ್ತದೆ.

ಇನ್ನು ಎಣ್ಣೆ. ಹಳೆಯ ಪುಸ್ತಕಗಳಲ್ಲಿ ದನದ ಕಾಲಿನ ಎಲುಬಿನಿಂದ ತೆಗೆದ ಎಣ್ಣೆ ಹೇಳುತ್ತಾರೆ. ನಾನು ಹಾಕಿದ್ದು ಔಡಲೆಣ್ಣೆ. ದಪ್ಪಗಿದೆ, ತೊಗಲಿಗೆ ಒಗ್ಗುತ್ತದೆ, ಗಾಳಿಗೆ ಒಣಗಿ ಅಂಟಾಗುವ ಜಾತಿಯಲ್ಲ. ಅಗಸೆ ಎಣ್ಣೆ ಇದಕ್ಕೆ ಪೂರ್ತಿ ವಿರುದ್ಧ, ಆರಿ ಗಟ್ಟಿಯಾಗುತ್ತದೆ. ಅದನ್ನು ಹಿಡಿಕೆಯ ಕಟ್ಟಿಗೆಗೆ ಇಟ್ಟುಕೊಂಡೆ. ವಾಷರ್ ಔಡಲೆಣ್ಣೆಯಲ್ಲಿ ಮುಳುಗಿ ಬಣ್ಣ ಗಾಢವಾಗುವ ತನಕ ಕಾದು, ಹೊರಗೆ ತೆಗೆದು ಎಣ್ಣೆ ತೊಟ್ಟಿಕ್ಕದಂತೆ ಒರೆಸಿ ಕೂರಿಸಿದೆ. ಕೈಯಿಂದ ಪಿಸ್ಟನ್ನನ್ನು ಸಿಲಿಂಡರಿಗೆ ಹಾಕಿ, ಗಾಳಿಯ ತೂತಿಗೆ ಹೆಬ್ಬೆರಳು ಒತ್ತಿ ದೂಡಿದರೆ ಅರ್ಧ ದಾರಿಯಲ್ಲಿ ನಿಂತುಬಿಟ್ಟಿತು, ಬಿಟ್ಟರೆ ಹಿಂದಕ್ಕೆ ಪುಟಿಯಿತು. ಇಡೀ ಕೆಲಸದಲ್ಲಿ ನನಗೆ ಅತಿ ಖುಷಿ ಕೊಟ್ಟದ್ದು ಇದೇ.

ಸ್ಪ್ರಿಂಗ್, ಕೊಕ್ಕೆ

ಮುರಿದ ಸ್ಪ್ರಿಂಗಿನ ತಂತಿ 2.5 ಮಿ.ಮೀ., ಹೊರಗಿನ ಅಳತೆ 18 ಮಿ.ಮೀ. ಸ್ಪ್ರಿಂಗ್ ಸುತ್ತುವ ಅಂಗಡಿಯಲ್ಲಿ 2.8ರ ತಂತಿ ತಯಾರಿತ್ತು. "ಮೂರು ಪಾಯಿಂಟ್ ಜಾಸ್ತಿ ಅಷ್ಟ, ಇನ್ನಾ ಜೋರ್ ಹೊಡೀತೈತಿ ತಗೋರಿ" ಅಂದರು. ಸ್ಪ್ರಿಂಗಿನ ಬಿರುಸು ತಂತಿಯ ದಪ್ಪದ ನಾಲ್ಕನೇ ಘಾತಕ್ಕೆ ತಕ್ಕಂತೆ ಏರುತ್ತದೆ. 2.5ರಿಂದ 2.8 ಅಂದರೆ ಒಂದೂವರೆ ಪಟ್ಟು ಬಿರುಸು. ತೊಂಬತ್ತು ವರ್ಷದ ಕೊಂಡಿ, ಪಿನ್ನು, ಕೊಕ್ಕೆ ಎಲ್ಲದರ ಮೇಲೂ ಆ ಭಾರ ಬೀಳುತ್ತದೆ. ಅಳತೆಯ ತಂತಿ ಬರುವ ತನಕ ಕಾದೆ.

ಸುತ್ತಿದ ಸ್ಪ್ರಿಂಗನ್ನು ಹಾಗೇ ಹಾಕಬಾರದು. ಸುಮಾರು 250 ಡಿಗ್ರಿಯಲ್ಲಿ ಅರ್ಧ ತಾಸು ಒವೆನ್ನಿನಲ್ಲಿ ಇಟ್ಟರೆ ಸುತ್ತುವಾಗ ತಂತಿಯೊಳಗೆ ಸಿಕ್ಕಿಕೊಂಡ ಎಳೆತ ಇಳಿಯುತ್ತದೆ. ಆಮೇಲೆ ವೈಸಿನಲ್ಲಿ ಸುರುಳಿಗೆ ಸುರುಳಿ ತಾಗುವ ತನಕ ಅದುಮಿ ಬಿಡಬೇಕು. ಮೊದಲ ಸಲ ಸ್ವಲ್ಪ ಉದ್ದ ಕಡಿಮೆಯಾಗುತ್ತದೆ, ಆಮೇಲೆ ನಿಲ್ಲುತ್ತದೆ. ನಿಂತ ಮೇಲಿನ ಉದ್ದವೇ ಅದರ ನಿಜವಾದ ಉದ್ದ. ಎರಡೂ ತುದಿಯನ್ನು ಚಪ್ಪಟೆಯಾಗಿ ಉಜ್ಜಿ ಹಾಕಿದೆ.

ಕೊಕ್ಕೆಯ ವಿಷಯದಲ್ಲಿ ನಾನು ಕಟ್ಟುನಿಟ್ಟು. ಇದರ ಮೂಗು ಸವೆದು ದುಂಡಾಗಿತ್ತು. ಇಂಥ ಪಿಸ್ತೂಲಿನಲ್ಲಿ ನಳಿಗೆ ಮೇಲಕ್ಕೆತ್ತಿ ಸ್ಪ್ರಿಂಗ್ ಎಳೆದ ಹೊತ್ತಿಗೆ ಕೊಕ್ಕೆ ಜಾರಿದರೆ ನಳಿಗೆ ಸುತ್ತಿಗೆ ಥರ ಬಂದು ಬೆರಳನ್ನು ಜಜ್ಜುತ್ತದೆ. ಟ್ರಿಗರ್ ಹಗುರಾಗಲಿ ಅಂತ ಕೊಕ್ಕೆಯ ಹಿಡಿತ ಕಡಿಮೆ ಮಾಡುವವರನ್ನು ನೋಡಿದ್ದೇನೆ. ಅದು ಹುಚ್ಚುತನ. ಕಾಕಾ ಮೂಗಿಗೆ ಟಿಗ್ ವೆಲ್ಡಿಂಗಿನ ಒಂದು ಹನಿ ಇಟ್ಟರು. ನಾನು ಹಳೆಯ ಓರೆಯನ್ನೇ ಅನುಸರಿಸಿ ನುಣ್ಣಗೆ ಅರ ಹಾಕಿದೆ. ಮೇಲ್ಮೈ ಗಡಸಾಗಲು ಕಬ್ಬಿಣದ ಡಬ್ಬಿಯಲ್ಲಿ ಇದ್ದಲಿನ ಪುಡಿ ತುಂಬಿ, ನಡುವೆ ಕೊಕ್ಕೆ ಹೂತು, ಡಬ್ಬಿಯ ಬಾಯಿಗೆ ಮಣ್ಣು ಮೆತ್ತಿ ಕುಲುಮೆಯಲ್ಲಿ ಕೆಂಪಗೆ ಕಾಯಿಸಿಟ್ಟು ನೀರಿಗೆ ಅದ್ದಿದೆವು. ಒಳಗೆ ಮೆತ್ತಗೆ, ಮೇಲೆ ಗಡಸು. ಅರ ಈಗ ಅದರ ಮೇಲೆ ಜಾರುತ್ತದೆ.

ಮುಂದಿನ ಪಿನ್ನಿನ ತೂತು ಮೊಟ್ಟೆಯಾಕಾರಕ್ಕೆ ಸವೆದಿತ್ತು. ತೂತು ಕೊರೆದು ನಯ ಮಾಡುವ ರೀಮರ್ ಹಾಕಿ ದುಂಡು ಮಾಡಿ, ಅದಕ್ಕೆ ಸರಿಯಾಗಿ ಹೊಸ ಪಿನ್ ತಿರುವಿಸಿದೆ. ಹಿಡಿಕೆಯ ಸ್ಕ್ರೂ ನಮ್ಮ ಮೆಟ್ರಿಕ್ ಥ್ರೆಡ್ಡಿನದಲ್ಲ, ಇಂಗ್ಲಿಷರ ಬಿ.ಎ. (ಬ್ರಿಟಿಷ್ ಅಸೋಸಿಯೇಷನ್) ಥ್ರೆಡ್ಡು. 4 ಬಿ.ಎ. ಅಂದರೆ 3.6 ಮಿ.ಮೀ. ದಪ್ಪ, ಸುತ್ತಿನಿಂದ ಸುತ್ತಿಗೆ 0.66 ಮಿ.ಮೀ. ಅಂತರ. ಅಂಗಡಿಯ ಯಾವ ಸ್ಕ್ರೂವೂ ಕೂರುವುದಿಲ್ಲ, ಒತ್ತಾಯ ಮಾಡಿದರೆ ಫ್ರೇಮಿನ ಥ್ರೆಡ್ಡೇ ಹೋಗುತ್ತದೆ. ಕಾಕಾನ ಬಿಸ್ಕೀಟು ಡಬ್ಬಿಯಲ್ಲಿ ಆ ಅಳತೆಯ ಥ್ರೆಡ್ ಕೊಯ್ಯುವ ಹಳೆಯ ಡೈ ಇತ್ತು. ಹಿಡಿಕೆಯ ಪಟ್ಟಿಗಳನ್ನು ಹಳೆ ಬಾಗಿಲ ಚೌಕಟ್ಟಿನ ಸಾಗವಾನಿಯಲ್ಲಿ ಕೆತ್ತಿ ಅಗಸೆ ಎಣ್ಣೆ ಉಜ್ಜಿದೆ. ಮುರಿದ ಹಳೆಯ ಪಟ್ಟಿಯನ್ನು ದೋಸ್ತನಿಗೆ ವಾಪಸ್ ಕೊಟ್ಟೆ.

ಬಣ್ಣಕ್ಕೆ ಪೇಂಟ್ ಬೇಡ, ಜಂಗಿನಿಂದಲೇ ಕಪ್ಪು ಮಾಡಿದೆ. ಎಣ್ಣೆಯ ಪಸೆ ಪೂರ್ತಿ ತೆಗೆದು, ಕಲಾಯಿಯವರು ಬಳಸುವ ನವಸಾಗರವನ್ನು ನೀರಲ್ಲಿ ಕರಗಿಸಿ ತೆಳ್ಳಗೆ ಸವರಿ ನೇತುಹಾಕಬೇಕು. ಬೇರೆ ಊರಲ್ಲಾದರೆ ಇದಕ್ಕೆ ತೇವದ ಪೆಟ್ಟಿಗೆ ಮಾಡಿಕೊಳ್ಳುತ್ತಾರೆ. ಜುಲೈ ತಿಂಗಳ ಬೆಳಗಾವಿಯಲ್ಲಿ ಹಿತ್ತಲ ಪಡಸಾಲೆ ಸಾಕು. ರಾತ್ರಿ ಕಳೆಯುವುದರಲ್ಲಿ ಅರಿಶಿನ-ಕೆಂಪಿನ ನವಿರಾದ ಜಂಗು ಸಮನಾಗಿ ಹರಡಿರುತ್ತದೆ. ಅದನ್ನು ನೀರಲ್ಲಿ ಕುದಿಸಿದರೆ ಕಣ್ಣ ಮುಂದೆಯೇ ಕಪ್ಪಾಗುತ್ತದೆ. ಕೆಂಪು ಜಂಗು ಕಬ್ಬಿಣವನ್ನು ತಿನ್ನುತ್ತ ಹೋಗುತ್ತದೆ, ಈ ಕಪ್ಪು ಪದರ ಅಂಟಿ ಕೂತು ಕಾಯುತ್ತದೆ. ಬೋರ್‌ವೆಲ್ ನೀರು ಬಿಳಿ ಕಲೆ ಬಿಡುತ್ತದೆ, ಮಳೆ ನೀರು ಹಿಡಿದಿಟ್ಟು ಬಳಸಿದೆ. ಸಡಿಲ ಪುಡಿಯನ್ನು ಅತಿ ನವಿರಾದ ಉಕ್ಕಿನ ಉಣ್ಣೆಯಿಂದ ಒರೆಸಿ, ಮತ್ತೆ ಸವರಿ, ಮತ್ತೆ ಕುದಿಸಿ, ಬಣ್ಣ ಆಳವಾಗುವ ತನಕ ಮಾಡುವುದು. ಗುಂಡಿಗಳು ಹಾಗೇ ಇವೆ. ಅಕ್ಷರವೂ ಇದೆ.

ಹೊಡೆದು ನೋಡಿದ್ದು

ಕಟ್ಟಿಗೆ ಪೆಟ್ಟಿಗೆಯಲ್ಲಿ ಹಳೆ ಅರಿವೆ ತುರುಕಿ, ಹಿಂದೆ ದಪ್ಪ ತಗಡು ನಿಲ್ಲಿಸಿ ಗುರಿ ಮಾಡಿಕೊಂಡೆ. ಕಣ್ಣಿಗೆ ಕನ್ನಡಕ. ಹಕ್ಕಿ ಪಕ್ಕಿ ಕಡೆ ತಿರುಗಿಸುವ ಮಾತೇ ಇಲ್ಲ, 1972ರ ವನ್ಯಜೀವಿ ಕಾಯ್ದೆ ಇದೆ. ಪೆಲೆಟ್ ಸೀಸದ್ದು, ಮುಟ್ಟಿದ ಮೇಲೆ ಕೈ ತೊಳೆಯದೆ ಏನೂ ತಿನ್ನಬಾರದು.

ಮೊದಲ ಕೆಲವು ಹೊಡೆತಕ್ಕೆ ಪಟಾಕಿಯಂಥ ಸದ್ದು, ನಳಿಗೆಯಿಂದ ಹೊಗೆ. ಗಾಬರಿ ಬೇಡ. ವಾಷರಿನ ಎಣ್ಣೆ ಆವಿಯಾಗಿ, ಅದುಮಿದ ಗಾಳಿಯ ಬಿಸಿಗೆ ಡೀಸೆಲ್ ಇಂಜಿನ್ನಿನಲ್ಲಿ ಆಗುವ ಹಾಗೆ ಹೊತ್ತಿಕೊಳ್ಳುತ್ತದೆ. ಹೆಚ್ಚುವರಿ ಎಣ್ಣೆ ಸುಟ್ಟುಹೋದ ಮೇಲೆ ಸದ್ದು 'ಟಪ್' ಅಂತ ಇಳಿಯಿತು. ನಳಿಗೆ ಕೂರುವ ಕಡೆ ಪಕ್ಕದಲ್ಲಿ ಟಿಶ್ಯೂ ಕಾಗದದ ಎಳೆ ಹಿಡಿದು ಹೊಡೆದೆ. ಎಳೆ ಹಾರಿತು, ಅಲ್ಲಿ ಗಾಳಿ ಸೋರುತ್ತಿತ್ತು. ಅಲ್ಲಿನ ಚಿಕ್ಕ ವಾಷರನ್ನು ಅದೇ ಅಥಣಿ ತೊಗಲಿನಲ್ಲಿ ಒಂದು ಎಳೆ ದಪ್ಪ ಮಾಡಿ ಹಾಕಿದ ಮೇಲೆ ಕಾಗದ ಅಲುಗಲಿಲ್ಲ.

ವೇಗ ಅಳೆಯುವ ಯಂತ್ರ ನನ್ನ ಹತ್ತಿರ ಇಲ್ಲ. ಫೋನು ಸಾಕು. ಪಿಸ್ತೂಲಿನ ಪಕ್ಕ ಫೋನಿಟ್ಟು ರೆಕಾರ್ಡಿಂಗ್ ಹಾಕಿ, ಅರಿವೆ ತೆಗೆದು, 6 ಮೀಟರ್ ದೂರದ ತಗಡಿಗೆ ಸ್ವಲ್ಪ ಓರೆ ಕೊಟ್ಟು ಹೊಡೆದೆ. ರೆಕಾರ್ಡಿಂಗಿನ ಅಲೆ ಹಿಗ್ಗಿಸಿ ನೋಡಿದರೆ ಟ್ರಿಗರಿನ ಸದ್ದಿಗೂ ತಗಡಿನ ಸದ್ದಿಗೂ ನಡುವೆ 0.089 ಸೆಕೆಂಡ್. ತಗಡಿನ ಸದ್ದು ಫೋನಿಗೆ ವಾಪಸ್ ಬರಲು 0.017 ಸೆಕೆಂಡ್ ಹಿಡಿಯುತ್ತದೆ, ಅದನ್ನು ಕಳೆಯಬೇಕು. ಉಳಿದದ್ದು 0.072. ಅಂದರೆ ಸೆಕೆಂಡಿಗೆ 83 ಮೀಟರ್. ಪೆಲೆಟ್ ಅರ್ಧ ಗ್ರಾಂ, ಹಾಗಾಗಿ ಶಕ್ತಿ ಸುಮಾರು 1.7 ಜೂಲ್. ಕಾನೂನಿನ 20 ಜೂಲ್ ಎಲ್ಲಿ, ಇದೆಲ್ಲಿ! ಆದರೂ ಕಣ್ಣಿಗೆ ಬಿದ್ದರೆ ಕಣ್ಣು ಹೋಗುತ್ತದೆ.

ಗುರಿಯ ಮಾತು. ಆರು ಮೀಟರಿನಲ್ಲಿ ಐದು ಪೆಲೆಟ್ ಒಂದು ಎರಡು ರೂಪಾಯಿ ನಾಣ್ಯದೊಳಗೆ ಬೀಳುತ್ತವೆ, ಆದರೆ ಎಲ್ಲವೂ ಗುರಿಯಿಂದ ಎರಡು ಬೆರಳು ಬಲಕ್ಕೆ. ಗುರಿ ನೋಡಲು ಪಿಸ್ತೂಲಿನ ಹಿಂತುದಿಯಲ್ಲಿರುವ ಪಟ್ಟಿಯನ್ನು ಯಾರೋ ಹಿಂದೊಮ್ಮೆ ಬಡಿದು ಬಗ್ಗಿಸಿದ್ದಾರೆ. ಅದನ್ನು ಹಿಡಿದ ಸ್ಕ್ರೂವಿನ ತಲೆ ಪೂರ್ತಿ ಸವೆದಿದೆ, ಎಣ್ಣೆ ಬಿಟ್ಟು ಇಟ್ಟಿದ್ದೇನೆ. ಬಿಚ್ಚಿದರೆ ಎಡಕ್ಕೆ ಸರಿಸುತ್ತೇನೆ. ಬಿಚ್ಚದಿದ್ದರೆ ದೋಸ್ತ ಎರಡು ಬೆರಳು ಎಡಕ್ಕೆ ಗುರಿ ಹಿಡಿಯಲಿ.